ಕೊಕ್ಕರೆ ಹಗುರಾದ ಸಂಜೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಿಗೆ ನಗುವ ಹಕ್ಕಿದೆ ಎಂದೇ ಅಂದುಕೊಂಡಿದ್ದೆ. ಕನಸಿನಲ್ಲಿ ಕಂಡದ್ದು ಮರುದಿನವೇ ನಡೆಯಿತು ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಶುರು ಮಾಡಿದರೆ, "ನಡೆಯದೆ ಹೋದ ಕನಸುಗಳನ್ನು ಯಾಕೆ ಹೇಳುವುದಿಲ್ಲ ನೀವು?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನದೇ ಅನುಭವವೊಂದನ್ನು ನಿಮ್ಮ ಮುಂದೆ ಇಡುವಾಗ, ನೀವು ಅದೇ ಪ್ರಶ್ನೆಯನ್ನು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲವಾಗಿತ್ತು. ನಾವು ಆಗ ಬೆಳ್ಮಣ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಗಂಡ ಸುಧಾಕರ ನಿಟ್ಟೆಗೆ ಹೋಗಿ ಇಂಜಿನಿಯರಿಂಗ್ ಹುಡುಗರಿಗೆ ಡ್ರಾಯಿಂಗ್ ಕಲಿಸಿ ಬರುತ್ತಿದ್ದರು. ಅವರ ಊರು ಕಾಪು. ಚಿಕ್ಕಂದಿನಲ್ಲಿ ದೀಪಸ್ತಂಭದ ಬಂಡೆಯ ಮೇಲೆ ಕೂತು, ರೆಕ್ಕೆ ಬಡಿಯದೆ ಗಾಳಿಯಲ್ಲಿ ತೂಗುವ ಗರುಡಗಳನ್ನು ನೋಡುತ್ತಾ ನೋಡುತ್ತಾ ವಿಮಾನದ ಹುಚ್ಚು ಹಿಡಿಯಿತು ಎನ್ನುತ್ತಿದ್ದರು. ನಿಜವಾದ ವಿಮಾನವನ್ನು ಹತ್ತಿದವರೇ ಅಲ್ಲ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಇದೆಯಲ್ಲ, ಸಿಮ್ಯುಲೇಟರ್ ಅನ್ನುತ್ತಾರೆ, ಅದಕ್ಕೆ ತಾವೇ ಹೊಸ ಹೊಸ ವಿಮಾನಗಳನ್ನು ತಯಾರಿಸುತ್ತಿದ್ದರು. ರೆಕ್ಕೆಯ ಉದ್ದ, ಎಂಜಿನ್ನಿನ ಬಲ, ಒಟ್ಟು ತೂಕ, ಇವನ್ನೆಲ್ಲ ತುಂಬಿಸಿ ಕೊಟ್ಟರೆ ಆಟ ಲೆಕ್ಕ ಹಾಕಿ ಅದನ್ನು ಹಾರಿಸುತ್ತಿತ್ತು. ಹಾರಿದ್ದು ಸರಿ ಅನ್ನಿಸಿದರೆ ಇಂಟರ್‌ನೆಟ್ಟಿಗೆ ಹಾಕುತ್ತಿದ್ದರು. ಯಾವ್ಯಾವುದೋ ದೇಶದವರು ಅದನ್ನು ಇಳಿಸಿಕೊಂಡು ಹಾರಿಸುತ್ತಿದ್ದರು.

ಹಾಗೆ ಹಾಕುವ ಮೊದಲು ಅದನ್ನು ಪರೀಕ್ಷೆ ಮಾಡುವ ಕೆಲಸ ನನ್ನದು. "ಅಡುಗೆ ಮಾಡಿದವನ ನಾಲಗೆಗೆ ಉಪ್ಪು ಗೊತ್ತಾಗುವುದಿಲ್ಲ, ನೀನು ಹಾರಿಸು" ಎಂದು ನನ್ನನ್ನು ಕೂರಿಸುತ್ತಿದ್ದರು. ಆ ಆಟದಲ್ಲಿ ಕೆರಿಯರ್ ಎಂಬ ವಿಭಾಗವೊಂದಿತ್ತು. ನೀವು ಕೆಲಸಕ್ಕೆ ಹೊಸದಾಗಿ ಸೇರಿದ ಪೈಲಟ್. ಒಂದು ಸಲ ಟಪಾಲು, ಒಂದು ಸಲ ಔಷಧ, ಒಂದು ಸಲ ಪ್ರಯಾಣಿಕರು, ಹೀಗೆ ಒಂದೊಂದು ಜವಾಬ್ದಾರಿ ಕೊಡುತ್ತಾರೆ. ತಲುಪಿಸಿದರೆ ಬಡ್ತಿ, ಬಿದ್ದರೆ ಹಿಂಬಡ್ತಿ. ಶಾಲೆಯಲ್ಲಿ ಬಾರದ ಬಡ್ತಿ ನನಗೆ ಅಲ್ಲಿ ಬೇಗ ಬೇಗ ಬಂತು. ಆ ವರ್ಷ ಅವರು ಮಾಡಿದ್ದು ಉದ್ದ ಕಾಲಿನ, ಬೆಳ್ಳಗಿನ ಒಂದು ಪುಟ್ಟ ವಿಮಾನ. ಗದ್ದೆಯಷ್ಟು ಜಾಗ ಸಿಕ್ಕಿದರೂ ಏರಬೇಕು, ಇಳಿಯಬೇಕು ಎಂಬುದು ಅವರ ಆಸೆ. ಅದಕ್ಕೆ ಕೊಕ್ಕರೆ ಎಂದು ನಾನೇ ಹೆಸರಿಟ್ಟೆ.

ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಅಷ್ಟರೊಳಗೆ ನನಗೆ ಎರಡು ಬಾರಿ ಗರ್ಭ ನಿಂತು, ಎರಡು ಬಾರಿಯೂ ಹೋಗಿತ್ತು. ಆ ವಿಷಯವನ್ನು ನಾವಿಬ್ಬರೂ ಮನೆಯೊಳಗೆ ಎತ್ತುತ್ತಿರಲಿಲ್ಲ. ಸಂಜೆ ಅವರು ಬಂದ ಮೇಲೆ ಕಂಪ್ಯೂಟರಿನ ಮುಂದೆ ಕೂತು, ಯಾವುದೋ ಕಾಣದ ಊರಿಗೆ ಔಷಧ ಸಾಗಿಸುತ್ತಿದ್ದೆವು. ಮಾತಿಗೆ ಅದೇ ಸಾಕಾಗುತ್ತಿತ್ತು.

ಒಂದು ದಿನ ಎಂದಿನಂತೆ ಕೊಕ್ಕರೆಯನ್ನು ಓಡಿಸಿದೆ. ಬೆಟ್ಟದ ಊರೊಂದಕ್ಕೆ ಔಷಧದ ಪೆಟ್ಟಿಗೆಗಳನ್ನೂ ಒಬ್ಬ ನರ್ಸನ್ನೂ ಒಯ್ಯುವ ಕೆಲಸ. ಹಿಂದೆ ಎಷ್ಟೋ ಸಲ ಮಾಡಿದ್ದು. ರನ್‌ವೇ ಗಿಡ್ಡ, ಅದರ ಕೊನೆಯಲ್ಲಿ ಮರಗಳ ಸಾಲು. ಯಾವಾಗಲೂ ಅರ್ಧ ದಾರಿಯಲ್ಲೇ ನೆಲ ಬಿಡುತ್ತಿದ್ದ ವಿಮಾನ ಆ ದಿನ ಓಡಿತು, ಓಡಿತು, ಮೂಗು ಎತ್ತಲೇ ಇಲ್ಲ. ಮರಕ್ಕೆ ಬಡಿಯಿತು.

"ಎಂತ ಮಾಡಿದ್ದು ನೀನು?" ಎಂದು ಸುಧಾಕರ ಕೇಳಿದರು.

"ಎಂತದೂ ಮಾಡ್ಲಿಲ್ಲ. ಭಾರ ಉಂಟು ಇದು."

ಅವರು ನನ್ನನ್ನು ಎಬ್ಬಿಸಿ ತಾವು ಕೂತು ಅದೇ ಕೆಲಸವನ್ನು ಮಾಡಿದರು. ಕೊಕ್ಕರೆ ಗರಿಯಂತೆ ಎದ್ದಿತು. ಮತ್ತೆ ನಾನು ಕೂತೆ. ಭಾರ. "ನಿನ್ನ ಕೈ ಭಾರ ಮಾರಾಯ್ತಿ, ಬೇಗ ಎಳೆಯುತ್ತಿದ್ದೀ" ಎಂದರು. ಅದು ಸರಿಯಾದ ಕಾರಣವೇ. ಬೇಗ ಮೂಗು ಎತ್ತಿದರೆ ಓಟ ಉದ್ದವಾಗುತ್ತದೆ. ಹಾಗಾಗಿ ನಾನು ಎಳೆಯುವ ಅಗತ್ಯವೇ ಬೀಳದಂತೆ, ವೇಗ ಬಂದಾಗ ತಾನಾಗಿ ಏಳುವ ಹಾಗೆ ಹೊಂದಿಸಿಕೊಟ್ಟರು. ನಾನು ಎಂಜಿನ್ನಿಗೆ ವೇಗ ಕೊಟ್ಟು ಕೈಕಟ್ಟಿ ಕೂತೆ. ಆಗಲೂ ಅಷ್ಟೇ. ಅವರು ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು ತಾವು ಹಾರಿಸಿದರೆ ಹಗುರ, ಹಾರಿಸುವ ಸ್ಟಿಕ್ಕು ನನ್ನ ಕೈಗೆ ಬಂದರೆ ಭಾರ. ತಾವು ಮಾಡಿದ ವಿಮಾನದಲ್ಲಿ ಎಲ್ಲೋ ದೋಷ ಇದೆ ಎಂದು ಅವರು ದಿನಗಟ್ಟಲೆ ತಲೆ ಕೆಡಿಸಿಕೊಂಡರು. ನನ್ನ ಕೆರಿಯರ್ ಮಾತ್ರ ಕೆಳಗೆ ಇಳಿಯುತ್ತಾ ಟಪಾಲಿನವರೆಗೆ ಬಂತು.

ನಾನು ಮತ್ತೆ ಬಸುರಿ ಎಂದು ತಿಳಿದದ್ದು ಆಮೇಲೆ. ಎರಡನ್ನೂ ಜೋಡಿಸಿ ನೋಡಬೇಕೆಂದು ನಮಗೆ ಹೊಳೆಯಲಿಲ್ಲ. ಜೋಡಿಸಿದ್ದು ಪಕ್ಕದ ಮನೆಯ ಸೆವ್ರಿನ್ ಬಾಯಿ. ಅವರ ಗಂಡ ಲಾರೆನ್ಸ್ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದವರು; ಇಬ್ಬರೂ ನಮಗೆ ಮನೆಯವರ ಹಾಗೇ ಇದ್ದರು. ಒಂದು ದಿನ ಹಲಸಿನ ಎಲೆಯ ಕಡುಬು ತಂದ ಬಾಯಿ, ನಾನು ಮರಕ್ಕೆ ವಿಮಾನ ಗುದ್ದಿಸುವುದನ್ನು ನೋಡಿ, ಎಂತ ಸಂಗತಿ ಎಂದು ವಿಚಾರಿಸಿದರು. ಹೇಳಿದಾಗ ಅವರು ಜೋರಾಗಿ ನಕ್ಕು, "ಈಗ ಒಂದು ಜನ ಹೆಚ್ಚು ಉಂಟಲ್ಲ ಒಳಗೆ? ಭಾರ ಆಗದೆ ಇರ್ತದಾ?" ಎಂದರು.

ನಾನೂ ನಕ್ಕೆ. ಸುಧಾಕರ ನಗಲಿಲ್ಲ.

ಡಾಕ್ಟರು ಈ ಬಾರಿ ಪೂರ್ತಿ ವಿಶ್ರಾಂತಿ ಹೇಳಿದ್ದರು. ಶಾಲೆಗೆ ರಜೆ ಹಾಕಿ ಮನೆಯಲ್ಲೇ ಉಳಿದೆ. ಹೊಟ್ಟೆ ಬೆಳೆದ ಹಾಗೆ ಕೊಕ್ಕರೆಯ ಓಟವೂ ಉದ್ದವಾಗುತ್ತಾ ಹೋಯಿತು. ಗಿಡ್ಡ ರನ್‌ವೇಗಳನ್ನು ಬಿಟ್ಟು ದೊಡ್ಡ ಊರಿನ ಕೆಲಸಗಳನ್ನೇ ಆರಿಸಿಕೊಳ್ಳತೊಡಗಿದೆ. ಅದನ್ನು ನಾವು ಬಾಯಿ ಬಿಟ್ಟು ಹೇಳಿಕೊಳ್ಳಲಿಲ್ಲ. ಹೇಳಿದರೆ ಎಲ್ಲಿ ದೃಷ್ಟಿ ತಾಗುತ್ತದೋ ಎಂಬ ಭಯ ವಿಜ್ಞಾನದ ಟೀಚರಿಗೂ ಇತ್ತು ಎಂದರೆ ನೀವು ನಗಬಹುದು. ಎರಡು ಸಲ ಕಳೆದುಕೊಂಡವಳಿಗೆ ದಿನ ದೂಡುವುದೇ ಕಷ್ಟ. ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆಯ ಮೇಲೆ ಕೈ. ಬಚ್ಚಲಿಗೆ ಹೋದರೆ ಹೆದರಿಕೆ. ಆದರೆ ಸಂಜೆ ಆ ವಿಮಾನ ನೆಲ ಬಿಡಲು ಒದ್ದಾಡುವಾಗ ಮಾತ್ರ ನನಗೆ ಎಲ್ಲಿಲ್ಲದ ಧೈರ್ಯ. ಏಳಲಾರದೆ ಏಳುವ ಅದನ್ನು ನೋಡಿ ಮನಸ್ಸಿನಲ್ಲೇ, ಇದ್ದೀಯಲ್ಲ, ಇರು, ಎಂದುಕೊಳ್ಳುತ್ತಿದ್ದೆ.

ಎಂಟು ತಿಂಗಳು ತುಂಬುತ್ತಾ ಬಂದಿತ್ತು. ಎರಡು ದಿನ ಮೊದಲಷ್ಟೇ ಮಣಿಪಾಲಕ್ಕೆ ಹೋಗಿ ತೋರಿಸಿ ಬಂದಿದ್ದೆವು. ಎಲ್ಲವೂ ಸರಿಯಾಗಿದೆ ಎಂದಿದ್ದರು. ಆ ಸಂಜೆ ಸುಧಾಕರ ಬಸ್ಸಿಳಿದು ಬಂದು ಚಹಾ ಮಾಡಿಕೊಂಡು, ಲೋಟ ಹಿಡಿದು ನನ್ನ ಹಿಂದೆ ನಿಂತರು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ನಾನು ಕೊಕ್ಕರೆಯನ್ನು ಓಡಿಸಿದೆ. ದೊಡ್ಡ ರನ್‌ವೇ. ಕಾಲು ಭಾಗವನ್ನೂ ದಾಟಿರಲಿಲ್ಲ, ಅದು ಎದ್ದುಬಿಟ್ಟಿತು. ಕೈ ಜಾರಿದ ಹಾಗೆ ಎದ್ದಿತು. ಇಷ್ಟು ತಿಂಗಳು ಬೆಳೆದಿದ್ದ ಭಾರ ಎಲ್ಲಿಯೂ ಇಲ್ಲ.

ಸ್ಟಿಕ್ಕು ಬಿಟ್ಟು ಹೊಟ್ಟೆಯ ಮೇಲೆ ಕೈ ಇಟ್ಟೆ. ನೋವಿರಲಿಲ್ಲ. ಮಗು ಆ ಹೊತ್ತಿನಲ್ಲಿ ಸಾಮಾನ್ಯವಾಗಿ ಅಲುಗಾಡುತ್ತಿರಲಿಲ್ಲ, ಆದ್ದರಿಂದ ಅದು ಸುಮ್ಮನಿದ್ದುದರಲ್ಲಿಯೂ ಹೊಸತೇನಿಲ್ಲ.

"ಇನ್ನೊಮ್ಮೆ ಮಾಡು" ಎಂದರು ಸುಧಾಕರ. ಮಾಡಿದೆ. ಹಗುರ.

"ಸರಿಯಾಯ್ತಲ್ಲ" ಎಂದವರು ನನ್ನ ಹೊಟ್ಟೆಯ ಕಡೆ ನೋಡಿದರು.

"ಆಸ್ಪತ್ರೆಗೆ ಹೋಗುವ" ಎಂದೆ.

"ಅಲ್ಲಿ ಎಂತ ಅಂತ ಹೇಳುವುದು?"

"ಗೊತ್ತಿಲ್ಲ. ಹೋಗುವ."

ಅವರು ಲೋಟ ಕೆಳಗಿಟ್ಟು ಚಪ್ಪಲಿಯನ್ನೂ ಹಾಕದೆ ಪಕ್ಕದ ಮನೆಗೆ ಓಡಿದರು. ಲಾರೆನ್ಸ್ ಕಾರು ತೆಗೆದರು. ಸೆವ್ರಿನ್ ಬಾಯಿ ಮನೆಯಲ್ಲಿ ಉಟ್ಟಿದ್ದ ಬಟ್ಟೆಯಲ್ಲೇ ಬಂದು ನನ್ನ ಪಕ್ಕ ಕೂತು ಕೈ ಹಿಡಿದುಕೊಂಡರು. ಶಿರ್ವ ದಾಟುವಾಗ ಲಾರೆನ್ಸ್ ಕನ್ನಡಿಯಲ್ಲಿ ನೋಡಿ, "ನೋವು ಉಂಟಾ ತಂಗಿ?" ಎಂದು ಕೇಳಿದರು. ಇಲ್ಲವೆಂದೆ. ಕಟಪಾಡಿಯಲ್ಲಿ ಹೈವೇಗೆ ಬಂದಾಗ ನನಗೇ ನಾಚಿಕೆಯಾಗತೊಡಗಿತು. ಒಂದು ಆಟವನ್ನು ನಂಬಿ ಒಬ್ಬರ ಸಂಜೆಯನ್ನು ಹಾಳು ಮಾಡಿ ಹೊರಟಿದ್ದೇನೆ, ನನ್ನ ಒಂಬತ್ತನೇ ತರಗತಿಯ ಮಕ್ಕಳು ಇದನ್ನು ಕೇಳಿದರೆ ಏನಂದಾರು? ಹಿಂತಿರುಗುವ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಾರು ಮಣಿಪಾಲದ ದಾರಿಗೆ ತಿರುಗಿತ್ತು.

ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು: "ಏನು ತೊಂದರೆ?" ನಾನು ಸುಧಾಕರರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಆಗ ಸೆವ್ರಿನ್ ಬಾಯಿ ಮುಂದೆ ಬಂದು, "ಅವಳಿಗೆ ಹೆದರಿಕೆ ಆಗಿದೆ. ಅಷ್ಟು ಸಾಲದಾ? ಎರಡು ಸಲ ಹೋದದ್ದು ಮಾರಾಯ್ತಿ, ನೀವು ಒಮ್ಮೆ ನೋಡಿ" ಎಂದರು.

ಕಿರಿಯ ವಯಸ್ಸಿನ ಡಾಕ್ಟರೊಬ್ಬರು ಬಂದು ಹೊಟ್ಟೆಯ ಮೇಲೆ ಉಪಕರಣ ಇಟ್ಟು, ಮಗುವಿನ ಎದೆಬಡಿತ ಕೇಳಿಸಿಕೊಳ್ಳಲು ತಲೆ ಬಗ್ಗಿಸಿದರು. ಜಾಗ ಬದಲಿಸಿದರು. ಮತ್ತೆ ಬದಲಿಸಿದರು. ನಂತರ ಬಾಗಿಲಿನ ಕಡೆಗೆ ತಿರುಗಿ ಕೂಗಿ ಯಾರನ್ನೋ ಕರೆದರು. ಆಮೇಲಿನದೆಲ್ಲ ಓಟ. ಮಂಚದ ಗಾಲಿಗಳ ಸದ್ದು, ಸುಧಾಕರರ ಬರಿಗಾಲು ಪಕ್ಕದಲ್ಲಿ ಓಡಿಬರುತ್ತಿದ್ದದ್ದು, ಬೆಳಕು.

ಎಚ್ಚರವಾದಾಗ ಹೆಣ್ಣುಮಗು ಎಂದರು. ಹುಟ್ಟಿದ ಕೂಡಲೇ ಅಳಲಿಲ್ಲವಂತೆ. ಅಳಿಸಿದರಂತೆ. ಹೊಕ್ಕುಳ ಬಳ್ಳಿ ಗಂಟುಬಿದ್ದು ಬಿಗಿದುಕೊಂಡಿತ್ತು. ಬಡಿತ ತೀರ ನಿಧಾನಕ್ಕೆ ಇಳಿದು, ಇನ್ನೇನು ನಿಲ್ಲುವುದರಲ್ಲಿತ್ತು. "ಬೆಳಿಗ್ಗೆಯವರೆಗೆ ಕಾದಿದ್ದರೆ ಉಳಿಯುತ್ತಿರಲಿಲ್ಲ. ಇವತ್ತೇ ಬರಬೇಕೆಂದು ನಿಮಗೆ ಅನ್ನಿಸಿದ್ದು ಹೇಗೆ?" ಎಂದು ದೊಡ್ಡ ಡಾಕ್ಟರು ಕೇಳಿದರು. ಸುಧಾಕರ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಡಾಕ್ಟರು ನಗಲಿಲ್ಲ. "ತಾಯಿಯ ಮೈಗೆ ಕೆಲವು ಸಲ ಮೊದಲೇ ತಿಳಿಯುತ್ತದೆ. ಅದು ನಿಮ್ಮ ಕೈಯಲ್ಲಿ ಕಾಣಿಸಿಕೊಂಡಿರಬಹುದು" ಎಂದರು.

ಸುಧಾಕರ ಇಂದಿಗೂ ಅದನ್ನೇ ಹಿಡಿದಿದ್ದಾರೆ. ಬಸುರಿನ ಉದ್ದಕ್ಕೂ ನನಗೇ ತಿಳಿಯದ ಹಾಗೆ ಏನೋ ಒಂದನ್ನು ಬೇರೆ ರೀತಿ ಮಾಡುತ್ತಿದ್ದೆ, ಆ ಸಂಜೆ ಮಾಡಲಿಲ್ಲ ಎಂದು ಅವರ ವಾದ. ಒಪ್ಪಬಹುದಾದ ಮಾತೇ. ಆದರೆ ಕೈಕಟ್ಟಿ ಕೂತಿದ್ದಾಗಲೂ ಭಾರವಾಗಿತ್ತಲ್ಲ ಎಂದರೆ ಮಾತು ಬದಲಿಸುತ್ತಾರೆ. ಬಾಣಂತನ ಮುಗಿಸಿ ನಾನು ಮತ್ತೆ ಕೊಕ್ಕರೆಯನ್ನು ಹಾರಿಸಿದೆ. ಹಗುರವಾಗಿತ್ತು, ಆಮೇಲೆ ಯಾವತ್ತೂ ಹಾಗೇ ಇತ್ತು. ನಮಗೆ ಇನ್ನೊಂದು ಮಗುವಾಗಲಿಲ್ಲ. ಒಂದೇ ಸಲ ನಡೆದದ್ದನ್ನು ಪ್ರಯೋಗ ಎಂದು ಯಾರೂ ಒಪ್ಪುವುದಿಲ್ಲ. ನಾನೇ ಮಕ್ಕಳಿಗೆ ಹಾಗೆಂದು ಕಲಿಸಿದ್ದೇನೆ. ಇದನ್ನೂ ಕಾಕತಾಳೀಯಗಳ ಸಾಲಿಗೆ ಸೇರಿಸಿ ಮರೆಯಬೇಕೆಂದು ಎಷ್ಟೋ ಸಲ ಅಂದುಕೊಂಡೆ.

ಮಗಳು ಒಂದನೇ ತರಗತಿಗೆ ಹೋಗುತ್ತಿದ್ದ ಕಾಲ. ಒಂದು ಭಾನುವಾರ ಸೆವ್ರಿನ್ ಬಾಯಿ ಅವಳಿಗೆ ಈ ಕತೆಯನ್ನು ಹೇಳಿಬಿಟ್ಟಿದ್ದರು. ಮನೆಗೆ ಬಂದವಳು ನಮ್ಮಿಬ್ಬರ ಎದುರು ನಿಂತು, ಅದು ನಿಜವಾ ಎಂದು ಕೇಳಿದಳು. ಹೌದು ಎಂದೆವು. ನಾನು ಒಳಗಿದ್ದಾಗ ವಿಮಾನ ಭಾರ ಇತ್ತಾ? ಹೌದು. ಆಸ್ಪತ್ರೆಗೆ ಹೋದ ದಿನ ಇರಲಿಲ್ಲವಾ? ಇರಲಿಲ್ಲ.

ಅವಳು ಸ್ವಲ್ಪ ಯೋಚಿಸಿದಳು.

"ಹಾಗಾದ್ರೆ ಆ ದಿನ ನಾನು ಇಳಿದು ಎಲ್ಲಿಗೆ ಹೋಗಿದ್ದೆ ಅಮ್ಮ?"

ಸುಧಾಕರ ನನ್ನ ಕಡೆ ನೋಡಿದರು. ನಾನು ಅವಳ ಕೈ ಹಿಡಿದುಕೊಂಡೆ. ಮಗಳು ಕೈ ಬಿಡಿಸಿಕೊಂಡು ಆಡಲು ಹೊರಗೆ ಹೋದಳು.