ನಮ್ಮ ಯೋಜನೆಗೆ ನಾನೇ ವಿರೋಧ

ನಮ್ಮ ಕೆಲಸ ಮೆಚ್ಚಿ ವಿಪತ್ತು ನೆರವಿನ ಅಂತರರಾಷ್ಟ್ರೀಯ ಸಂಸ್ಥೆಯೊಂದರವರು ಕೈಜೋಡಿಸಿದರು ಎಂದು ನಮ್ಮ ಯುವಜನ ಸಂಘದವರು ಈಗಲೂ ಹೇಳಿಕೊಂಡು ತಿರುಗುತ್ತಾರೆ. ಒಪ್ಪಲಾರೆ. ಅವರು ನೋಡಿದ್ದು ನಮ್ಮ ಕೆಲಸವನ್ನಲ್ಲ, ನಮ್ಮ ಜಗಳವನ್ನು.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಈ ಸಂಘ ಹುಟ್ಟಿದ್ದು ಕಾಲೇಜಿನ ಚರ್ಚಾಕೂಟದಿಂದ. ಹಾಗಾಗಿ ಒಂದು ಪದ್ಧತಿ ಅಂಟಿಕೊಂಡೇ ಬಂದಿತ್ತು: ಟೀ ತರಿಸೋಣ ಎಂಬ ನಿರ್ಣಯಕ್ಕೂ ಒಬ್ಬರು ಎದ್ದು ವಿರೋಧವಾಗಿ ಮಾತಾಡಲೇಬೇಕು. ಆ ಒಬ್ಬರು ಸಾಮಾನ್ಯವಾಗಿ ನಾನೇ. ಅಧ್ಯಕ್ಷೆ ನೌಕಾಪಡೆಯವರೊಬ್ಬರ ಮಗಳು, ಧಾರವಾಡದ ಕಡೆಯವಳು. ನನಗಿಂತ ದೊಡ್ಡವಳಾದ್ದರಿಂದ ಅಕ್ಕ. ಮೀನುಗಾರರ ಕೇರಿಯ ಹುಡುಗ ಹುಡುಗಿಯರಿಗೆ ಚಂಡಮಾರುತ ಎದುರಿಸುವ ತರಬೇತಿ ಕೊಡಿಸಬೇಕೆಂಬುದು ಅವಳ ಹಟ. ತರಬೇತುದಾರರು, ವಾಕಿಟಾಕಿ, ಲೈಫ್ ಜಾಕೆಟ್ ಎಲ್ಲ ಇದ್ದದ್ದು ಆ ಸಂಸ್ಥೆಯ ಬಳಿ. ಅವರು ತಲೆಯಾಡಿಸದಿದ್ದರೆ ಅಕ್ಕನ ಯೋಜನೆ ಅಲ್ಲಿಗೇ ಮುಗಿಯಿತು.

ವಿಜಯವಾಡದ ಗವರ್ನರ್‌ಪೇಟೆಯ ಹೋಟೆಲಿನಲ್ಲಿ ಆ ಸಂಸ್ಥೆಯವರ ಜೊತೆ ಸಭೆ. ರೈಲಿನುದ್ದಕ್ಕೂ ಅಕ್ಕನದು ಒಂದೇ ಮಂತ್ರ: "ಇವತ್ತೊಂದಿನ ಬಾಯಿ ಮುಚ್ಕೊಂಡ ಕುಂದ್ರು ನಮ್ಮವ್ವಾ."

"ಸರೇ ಅಕ್ಕ," ಎಂದೆ ತೆಲುಗಿನವರ ಹಾಗೆ ವಿನಯದಿಂದ.

ಅಕ್ಕ ಚೆನ್ನಾಗಿಯೇ ಮಾತಾಡಿದಳು. ಮುಗಿಸುವಾಗ ಮಾತ್ರ ನಾಲಿಗೆ ಹಳೆಯ ದಾರಿ ಹಿಡಿಯಿತು: "ಈಗ ವಿರೋಧವಾಗಿ ಮಾತಾಡುವವರು ಬರಬೇಕು."

ನನ್ನ ಕಾಲು ನನ್ನನ್ನು ಕೇಳಲಿಲ್ಲ. ಮೈಕಿನ ಮುಂದಿದ್ದೆ.

"ಮಾನ್ಯರೇ, ಇದಕ್ಕೆ ಒಪ್ಪಬೇಡಿ. ಯೋಜನೆಯ ಅವಧಿ ಮುಗಿದರೆ ನೀವು ಹೊರಡುತ್ತೀರಿ. ಪರೀಕ್ಷೆ ಬಂದರೆ ನಾವೂ ಹೊರಡುತ್ತೇವೆ. ಗಾಳಿ ಮಾತ್ರ ತಪ್ಪದೆ ಬರುತ್ತದೆ. ಕೇರಿಯವರನ್ನು ಯಾರಾದರೂ ಒಂದು ಮಾತು ಕೇಳಿದ್ದೇವಾ?"

ಪಕ್ಕದಲ್ಲಿದ್ದ ಅಕ್ಕ ನನ್ನ ದುಪಟ್ಟಾ ಎಳೆದಳು. ಎಳೆದಷ್ಟೂ ನಾನು ಜೋರಾದೆ. ಎದುರುಪಕ್ಷವೂ ನಾವೇ ಎಂದು ಹೊಳೆದದ್ದು, ಚಪ್ಪಾಳೆಗೆ ಕಾದು ನಿಂತಾಗ.

ಸಂಸ್ಥೆಯ ಅಧಿಕಾರಿ, ನರೆಗೂದಲಿನ ಹೆಂಗಸು, ಮೊದಲು ಕೆಮ್ಮಿದರು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ತನ್ನ ಲೋಪ ತಾನೇ ಹೇಳುವ ಗುಂಪನ್ನೇ ಹುಡುಕುತ್ತಿದ್ದೆ ಎಂದರು. ಊಟಕ್ಕೆ ಮುಂಚೆಯೇ ಒಪ್ಪಿಗೆ ಸಿಕ್ಕಿತು.

ಹೊರಗೆ ಆಟೋಗಳ ಗದ್ದಲದ ನಡುವೆ ಅಕ್ಕ ನನ್ನ ಭುಜ ಹಿಡಿದು ಅಲುಗಾಡಿಸಿದಳು. "ನಿನ್ನ ಹೊಡೀಬೇಕೋ, ಎತ್ತಿ ಕುಣಿಸಬೇಕೋ, ಒಂದೂ ತಿಳೀವಲ್ದು." ಇಬ್ಬರೂ ಫುಟ್‌ಪಾತಿನ ಮೇಲೆಯೇ ಕುಣಿದೆವು. ಹಣ್ಣಿನ ಗಾಡಿಯವನು ನಮ್ಮಿಂದ ದೂರ ಗಾಡಿ ತಳ್ಳಿಕೊಂಡ.

ಅಷ್ಟರಲ್ಲಿ ಆ ಅಧಿಕಾರಿ, ನಾವು ನೆನಪಿಗೆಂದು ಕೊಟ್ಟಿದ್ದ ಕೊಂಡಪಲ್ಲಿಯ ಮರದ ಆನೆಗೊಂಬೆಯನ್ನು ಕಂಕುಳಲ್ಲಿಟ್ಟುಕೊಂಡು ಕಾರು ಹತ್ತುತ್ತಿದ್ದರು. ಓಡಿದೆ. ನನ್ನ ನಗು ಇನ್ನೂ ನಿಂತಿರಲಿಲ್ಲ, ವಾದವೂ ನಿಂತಿರಲಿಲ್ಲ.

"ಮೇಡಂ, ನನ್ನ ಮಾತು ಮೆಚ್ಚಿದಿರಿ, ಸಂತೋಷ. ಆದರೆ ಅದಕ್ಕೆ ಯಾರೂ ಉತ್ತರ ಕೊಡಲಿಲ್ಲವಲ್ಲ. ನೀವೂ ನಾವೂ ಹೊರಟುಹೋದ ವರ್ಷ ಗಾಳಿ ಎದ್ದರೆ, ಕೇರಿಯಲ್ಲಿ ವಾಕಿಟಾಕಿ ಹಿಡಿಯುವವರು ಯಾರು?"