ಬಸವಣ್ಣನ ಹಿಂಗಾಲು

ಲೋಹ ಪರೀಕ್ಷೆ ನನ್ನ ಹೊಟ್ಟೆಪಾಡು. ಬಳ್ಳಾರಿಯ ನಮ್ಮ ಪ್ರಯೋಗಾಲಯಕ್ಕೆ ಬರುವುದೆಲ್ಲ ಕಾರ್ಖಾನೆಗಳ ಕಬ್ಬಿಣದ ತುಂಡು. ಅಂಥಲ್ಲಿಗೆ ರಾರಾವಿಯ ಅಜ್ಜಿಯೊಬ್ಬರು ಟವೆಲ್ಲಿನಲ್ಲಿ ಸುತ್ತಿ ತಂದದ್ದು ಅಂಗೈಯಗಲದ ಬಸವಣ್ಣ. ದೇವರಮನೆಯ ಜಗಲಿಯ ಮೇಲೆ ತಲೆತಲಾಂತರದಿಂದ ಪೂಜೆಗೊಂಡ ದೇವರು.

"ಇದು ಹಳೇದೋ ಹೊಸಾದೋ, ಅಷ್ಟ ಹೇಳ್ರಿ ಯಪ್ಪಾ," ಎಂದರು. ತೀರಿಹೋದ ಗಂಡ ಹಳೆಯದನ್ನು ಮಾರಿ ಇದನ್ನು ತಂದಿಟ್ಟನೆಂದು ಕುರುಗೋಡಿನ ಮೈದುನಂದಿರು ಆಡಿಕೊಳ್ಳುತ್ತಿದ್ದರು. ಹಳೆಯದು ಕಂಚಿನದು; ಇದನ್ನು ಅಕ್ಕಸಾಲಿಗನಿಂದ ಉಜ್ಜಿಸಿ, ಹಿತ್ತಾಳೆ ಎಂದು ಸಾಧಿಸಿಯೂ ಬಿಟ್ಟಿದ್ದರು. "ಕಳ್ಳನ ಹೆಂಡ್ತಿ ಅಂತಾರ್ರಿ ನನ್ನ."

ಲೋಹ ಗುರುತಿಸುವ ಯಂತ್ರವನ್ನು ಬಸವಣ್ಣನ ಬೆನ್ನಿನ ಹತ್ತಿರ ಒಯ್ದೆನೋ ಇಲ್ಲವೋ, ಅಜ್ಜಿ ಹೌಹಾರಿದರು. "ಮೈ ಮುಟ್ಟಬ್ಯಾಡ್ರಿ! ಪಾದ ನೋಡ್ರಿ, ಸಾಕು." ದೇವರ ಮೈಮೇಲೆ ಗೀರು ಬೀಳಬಾರದೆಂದು ಅಕ್ಕಸಾಲಿಗನೂ ಹಿಂದಿನ ಒಂದು ಪಾದವನ್ನಷ್ಟೇ ಉಜ್ಜಿದ್ದನಂತೆ. ಸರಿಯಪ್ಪ ಎಂದು ಅದೇ ಪಾದಕ್ಕೆ ಹಿಡಿದೆ. ಸತು ತೋರಿಸಿತು, ಹಿತ್ತಾಳೆಯೇ. ಮುಂದಿನ ಪಾದಕ್ಕೆ ಹಿಡಿದರೆ ತವರ! ಅಂದರೆ ಕಂಚು. ಒಂದೇ ಎತ್ತಿಗೆ ಎರಡು ಲೋಹವೇ? ಹಾಳು ಯಂತ್ರ ಕೆಟ್ಟಿತೆಂದು ಬೈದು ಮತ್ತೆ ಹಿಡಿದೆ. ಮತ್ತೆ ಅದೇ ಉತ್ತರ.

ಮುಟ್ಟದೆ ಫೋಟೋ ತೆಗೆಯುತ್ತೇನೆಂದು ಒಪ್ಪಿಸಿ ಎಕ್ಸ್-ರೇ ತೆಗೆದೆ. ಹೊಟ್ಟೆಯೊಳಗೆ ಹಳೇ ಕಾಲದವರು ಎರಕ ಹೊಯ್ಯುವಾಗ ಒಳಗೆ ತುಂಬುತ್ತಿದ್ದ ಮಣ್ಣು ಹಾಗೇ ಕೂತಿತ್ತು. ಹಿಂದಿನ ತೊಡೆಯಲ್ಲಿ ಮಾತ್ರ ಒಂದು ಜೋಡಣೆಯ ಗೆರೆ. ಮುರಿದ ಕಾಲಿನ ಜಾಗಕ್ಕೆ ಹಿತ್ತಾಳೆ ಹೊಯ್ದು ಕೂರಿಸಿದ್ದರು.

"ಹಳೇದ ಐತಿ ಅಜ್ಜೀ! ಒಂದು ಕಾಲು ಮುರಿದಿತ್ತು, ಅದಷ್ಟ ಹೊಸಾದು," ಎಂದು ಖುಷಿಯಿಂದ ಕೂಗಿದೆ.

ಅಜ್ಜಿ ಬಸವಣ್ಣನನ್ನು ಕೈಗೆತ್ತಿಕೊಂಡು ಹಿಂಗಾಲು ನೋಡಿದರು. "ಮುರಿದಿತ್ತಾ? ಭಿನ್ನ ಆದ ದೇವರಿಗೆ ನಮ್ಮಲ್ಲಿ ಪೂಜಿ ಮಾಡಂಗಿಲ್ರಿ, ಹೊಳಿಗೆ ಬಿಡಬೇಕು. ಅದಕ್ಕ ಯಾರಿಗೂ ಹೇಳದಂಗ ಕಾಲು ಹಚ್ಚಿಸ್ಯಾರ ನಮ್ಮ ಮನಿಯವರು."

ಮೈದುನಂದಿರಿಗೆ ನಿಜ ಹೇಳಿದರೆ ಬಸವಣ್ಣ ತುಂಗಭದ್ರೆಯ ಪಾಲು; ಮುಚ್ಚಿಟ್ಟರೆ ಸತ್ತವನು ಕಳ್ಳನಾಗಿಯೇ ಉಳಿಯುತ್ತಾನೆ. ಅಂಥ ಕಂಚು ನೀರಿಗೆ ಬೀಳುವುದೆಂದರೆ ನನಗೇ ಸಂಕಟ. ವಸ್ತುಸಂಗ್ರಹಾಲಯಕ್ಕೆ ಕೊಡಿ ಎನ್ನಲೇ? ಪೂಜೆಯ ದೇವರನ್ನು ಗಾಜಿನ ಪೆಟ್ಟಿಗೆಗೆ ಹಾಕಿ ಎಂದು ಹೇಳಲು ನಾನು ಯಾರು?

ಅಜ್ಜಿ ಬಸವಣ್ಣನ ಬೆನ್ನು ಸವರಿದರು, ಕಣ್ಣೊರೆಸಿಕೊಂಡರು. ಆಮೇಲೆ ತಮ್ಮ ಮೊಬೈಲನ್ನು ನನ್ನ ಕೈಗಿಟ್ಟರು.

"ನಮ್ಮ ಮೈದುನಗ ಫೋನ್ ಹಚ್ರಿ. ದೇವರು ಹಳೇದ ಐತಿ, ಕಾಲಷ್ಟ ಮುರಿದಿತ್ತು ಅಂತ ನೀವ ಹೇಳ್ರಿ. ನನ್ನ ಬಾಯಿಂದ ಆಗಂಗಿಲ್ಲ."