ಕ್ವೀನ್ಸಿನಲ್ಲಿ ತುಂಬಿದ ಮೊರ

ಮೈಸೂರಿನ ಮಂಡಕಳ್ಳಿಯ ವಿಮಾನ ನಿಲ್ದಾಣ ಶ್ರೀರಾಂಪುರದ ನಮ್ಮ ಮನೆಗೆ ಹತ್ತಿರವೇ. ಆದರೆ ಅಲ್ಲಿಂದ ಅಮೆರಿಕಕ್ಕೆ ವಿಮಾನವಿಲ್ಲವಾದ್ದರಿಂದ ಬೆಂಗಳೂರಿನ ಬಸ್ಸು ಹತ್ತಿದೆ. ನ್ಯೂಯಾರ್ಕಿನಲ್ಲಿರುವ ತಂಗಿ ಶಾರದೆಗೆ ಗೌರಿ ಹಬ್ಬದ ಬಾಗಿನ ಕೊಟ್ಟುಬರಬೇಕಿತ್ತು. ಅಮ್ಮ ಮೂರು ಜೊತೆ ಬಿದಿರಿನ ಮೊರ ತುಂಬಿ ಕಟ್ಟಿದ್ದರು: ಒಂದು ತವರಿನಿಂದ ಅವಳಿಗೆ, ಎರಡು ಅವಳು ಬೇರೆ ಮುತ್ತೈದೆಯರಿಗೆ ಕೊಡಲು. ಜೊತೆಗೊಂದು ಮಾತನ್ನೂ ಕಟ್ಟಿ ಕಳಿಸಿದ್ದರು. ನಮ್ಮ ಮನೆಯೆದುರಿನ ಸೈಟನ್ನು ಅಣ್ಣ ಶಾರದೆಗೆಂದೇ ಇಟ್ಟಿದ್ದಾನೆ. ಗಂಡ ಹೆಂಡತಿ ಬಂದು ಮನೆ ಕಟ್ಟಿಕೊಳ್ಳಲಿ ಎಂದು.

"ಹೂಂ ಅನ್ನಿಸ್ಕೊಂಡೇ ಬಾ," ಅಂದರು ಅಮ್ಮ.

ದೋಹಾದಲ್ಲಿ ವಿಮಾನ ಬದಲಾಯಿಸಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕಟ್ಟಿಕೊಂಡ ಪುಳಿಯೋಗರೆಯೂ ಕೆಟ್ಟಿರಲಿಲ್ಲ. ನ್ಯೂಯಾರ್ಕಿನಲ್ಲಿ ಇಳಿದಾಗ ಮಾತ್ರ ತಪಾಸಣೆಯವರು ಮೊರ ಬಿಚ್ಚಿಸಿದರು. ಧಾನ್ಯ ತರುವಂತಿಲ್ಲವಂತೆ. ಅಕ್ಕಿ, ಬೇಳೆಯ ಜೊತೆ ಬೆಲ್ಲವೂ ಹೋಯಿತು. ತವರಿನ ಮೊರ ಬರಿದಾಗಿ ಮನೆಯೊಳಗೆ ಹೋಗಬಾರದು. ಮೊರಗಳಾದರೂ ಉಳಿದವಲ್ಲ, ಅದು ಗೌರಮ್ಮನ ದಯೆ.

ಕರೆದೊಯ್ಯಲು ಬಂದಿದ್ದ ಶಾರದೆ ನಕ್ಕಳು. "ಬುಡಕ್ಕ, ಇದುನ್ನ ನಮ್ ಬೀದಿ ತುಂಬ್ಕೊಡ್ತದೆ."

ಅವಳಿರುವ ಕ್ವೀನ್ಸಿನಲ್ಲಿ ರೈಲು ತಲೆಯ ಮೇಲೆ ಓಡುತ್ತದೆ. ಸೆಕೆ ನಮ್ಮ ಚೈತ್ರದಂತೆಯೇ ಇತ್ತು. ಹಬ್ಬದ ಹಿಂದಿನ ದಿನ, ಬಾಗಿಲ ಹೊರಗೇ ಇಟ್ಟಿದ್ದ ಮೊರ ಹಿಡಿದು ಇಬ್ಬರೂ ಹೊರಟೆವು. ಅಕ್ಕಿ ಬೇಳೆ ಬಾಂಗ್ಲಾದೇಶದವರ ಅಂಗಡಿಯಲ್ಲಿ, ಹಸಿರು ಬಳೆ ಲಾಹೋರಿನವರ ಅಂಗಡಿಯಲ್ಲಿ ಸಿಕ್ಕವು. ಬೆಲ್ಲ ಸಿಕ್ಕಿದ್ದು ಕೊಲಂಬಿಯಾದ ಮಾರ್ತಾ ಎಂಬಾಕೆ ಗಂಡನೊಡನೆ ನಡೆಸುವ ದಿನಸಿ ಅಂಗಡಿಯಲ್ಲಿ. ನೋಡಲು ಥೇಟ್ ಮಂಡ್ಯದ ಉಂಡೆ ಬೆಲ್ಲ. ಆಕೆ ಚೂರು ಮುರಿದು ನನ್ನ ಬಾಯಿಗೆ ಹಿಡಿದಳು. ದೇವರಿಗಿಡುವ ಮುಂಚೆ ಬಾಯಿಗಿಡುವುದಿಲ್ಲವೆಂದು ಶಾರದೆ ಅವರ ಭಾಷೆಯಲ್ಲೇ ಹೇಳಿದಳು. ಆಕೆ ಚೂರನ್ನು ಪಕ್ಕಕ್ಕಿಟ್ಟು, ಒಳಗಿಂದ ಮುಕ್ಕಾಗದ ಉಂಡೆಗಳನ್ನು ಆರಿಸಿ ತಂದಳು.

ದಾರಿಯಲ್ಲಿ ಸೈಟಿನ ವಿಷಯ ತೆಗೆದೆ. ಶಾರದೆಗೆ ಮಕ್ಕಳಿಲ್ಲ. ಊರಿಗೆ ಬಂದಾಗಲೆಲ್ಲ ನಮ್ಮ ಬೀದಿಯವರು ಅದನ್ನು ಕೇಳದೆ ಬಿಟ್ಟವರಲ್ಲ.

"ಇಲ್ಲಿ ನಿಂಗೆ ಯಾರವ್ರೆ ಶಾರದಾ?" ಅಂದೆ.

"ಜ್ವರ ಬಂದ್ರೆ ಕೇಳೋರು ಅವ್ರೆ ಕಣಕ್ಕ. ಕೆದಕೋರು ಇಲ್ಲ."

ಸೈಟಿನ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

ಹಬ್ಬದ ದಿನ ತವರಿನ ಬಾಗಿನವನ್ನು ನಾನು ಶಾರದೆಗೆ ಕೊಟ್ಟೆ. ಆಮೇಲೆ ಅವಳು ಮಾರ್ತಾಳನ್ನು ಕರೆದಳು. ಬಾಗಿನವನ್ನು ಸೆರಗಿನಲ್ಲಿ ಹಿಡಿದು ಕೊಡಬೇಕು, ಸೆರಗೊಡ್ಡಿಯೇ ತೆಗೆದುಕೊಳ್ಳಬೇಕು. ಮಾರ್ತಾ ಅವಳ ಕೈ ನೋಡಿದಳು, ತನ್ನ ಅಂಗಡಿಯ ಏಪ್ರನ್ನಿನ ಅಂಚು ಹಿಡಿದು ಒಡ್ಡಿದಳು. ಶಾಸ್ತ್ರದಲ್ಲಿ ಏನೂ ಕೊರತೆಯಾದಂತೆ ನನಗೆ ಕಾಣಲಿಲ್ಲ.

ಮೂರನೆಯ ಜೊತೆಯನ್ನು ಶಾರದೆ ನನ್ನ ಪೆಟ್ಟಿಗೆಗೆ ಹಾಕಿದಳು. ಧಾನ್ಯವಿಲ್ಲ, ಬಳೆ, ರವಿಕೆ ಕಣ, ಒಂದು ಉಂಡೆ ಬೆಲ್ಲ. "ಇದು ಅಮ್ಮಂಗೆ. ನಮ್ಮನೆಯಿಂದ ಅನ್ನು."

ಬೆಂಗಳೂರಿಗೆ ಅಪ್ಪನೇ ಕರೆದೊಯ್ಯಲು ಬಂದಿದ್ದರು. ದಾರಿಯುದ್ದಕ್ಕೂ ಮಳೆಯಿರಲಿಲ್ಲ, ಅದೂ ಒಂದು ಪುಣ್ಯ. ಮನೆಯಲ್ಲಿ ಅಮ್ಮ ಸೆರಗೊಡ್ಡಿ ಬಾಗಿನ ತೆಗೆದುಕೊಂಡರು. ಬೆಲ್ಲವನ್ನು ತಿರುಗಿಸಿ ನೋಡಿ, "ಎಲ್ಲೀದು?" ಅಂದರು.

"ಅವಳ ಬೀದೀದೇ. ಅವ್ಳ ಮನೆಯಿಂದ ಅನ್ನು ಅಂದ್ಲು."

ಅಮ್ಮ ಅದನ್ನು ದೇವರ ಮುಂದಿಟ್ಟು, ಬಾಗಿಲಿಗೆ ಬಂದು ಎದುರಿನ ಸೈಟು ನೋಡಿದರು.

"ನಿಮ್ಮಣ್ಣಂಗೆ ಹೇಳು," ಅಂದರು. "ಸುಮ್ನೆ ಯಾಕೆ ಬಿಟ್ಟಿರೋದು? ಅವರೆ ಬೀಜ ಹಾಕ್ಲಿ."